ಸಾ ಹಿಡಿದವರು

ಹುಮನಾಬಾದಿನಲ್ಲಿ ಕೀಬೋರ್ಡ್ ಬಾರಿಸುವವನು ಎಂದ ಕೂಡಲೇ ಜನ ಕೇಳುತ್ತಿದ್ದದ್ದು ಒಂದೇ ಮಾತು: ಯಾವ್ಯಾವ ಹಾಡು ಬರ್ತಾವ? ತೊಂಬತ್ತರ ದಶಕದ ಆರಂಭದಲ್ಲಿ ನನಗೆ ಬರದ ಹಾಡೇ ಇರಲಿಲ್ಲ. ಕನ್ನಡ, ಹಿಂದಿ, ಮರಾಠಿ, ಒತ್ತಾಯ ಮಾಡಿದರೆ ತೆಲುಗು. ನಾವು ಐದಾರು ಜನ ಆರ್ಕೆಸ್ಟ್ರಾ ಕಟ್ಟಿಕೊಂಡು ಮದುವೆ, ತೊಟ್ಟಿಲು, ಗಣಪತಿ, ಹೊಸ ಅಂಗಡಿಯ ಉದ್ಘಾಟನೆ ಎಂದು ಯಾವುದನ್ನೂ ಬಿಡದೆ ತಿರುಗುತ್ತಿದ್ದೆವು. ಮನ್ನಾಏಖೇಳ್ಳಿಯಲ್ಲಿ ಹೆದ್ದಾರಿಯ ಪಕ್ಕಕ್ಕೆ ನಿಲ್ಲಿಸಿದ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ನಿಂತು, ಹಾದುಹೋಗುವ ಲಾರಿಗಳ ಹಾರ್ನಿನ ಜೊತೆ ಪೈಪೋಟಿ ಮಾಡುತ್ತ ಬಾರಿಸಿದ್ದೇನೆ. ನನ್ನ ಕೈ ಚುರುಕು, ಸಿಟ್ಟು ಅದಕ್ಕಿಂತ ಚುರುಕು. ಢೋಲಕ್‌ನವನು ಲಯ ತಪ್ಪಿದರೆ ಹಾಡು ಮುಗಿಯುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ, ಮೈಕಿನ ಮುಂದೆಯೇ ಬೈಯುತ್ತಿದ್ದೆ. ಜನ ಅದನ್ನೂ ಕಾರ್ಯಕ್ರಮದ ಭಾಗವೆಂದು ತಿಳಿದು ಚಪ್ಪಾಳೆ ತಟ್ಟುತ್ತಿದ್ದರು.

ಆದರೆ ನನ್ನ ನಿಜವಾದ ಹುಚ್ಚು ಹಾಡಿನದಲ್ಲ. ಊರಿಗೆ ಅಂಟಿಕೊಂಡಿರುವ ಮಾಣಿಕನಗರದಲ್ಲಿ ವರ್ಷಕ್ಕೊಮ್ಮೆ ದೂರದೂರದ ಗಾಯಕರು ಬಂದು ಹಾಡಿ ಹೋಗುತ್ತಾರೆ. ಒಮ್ಮೆ ಅಲ್ಲಿ ತಂಬೂರಿ ಮೀಟುವವರು ಸಿಗದೆ ನನ್ನನ್ನು ಹಿಂದೆ ಕೂರಿಸಿದರು. ಗಾಯಕರು ಏನು ಹಾಡಿದರೋ ನನಗೆ ಒಂದಕ್ಷರವೂ ನೆನಪಿಲ್ಲ. ನೆನಪಿರುವುದು ಆ ನಾಲ್ಕು ತಂತಿ. ಒಂದೇ ಸ್ವರ ಅಂದುಕೊಂಡು ಕುಳಿತವನಿಗೆ ಸ್ವಲ್ಪ ಹೊತ್ತಿನಲ್ಲಿ ಅದರೊಳಗೆ ಇನ್ನೊಂದು ಕೇಳಿಸಿತು, ಅದರೊಳಗೆ ಮತ್ತೊಂದು. ಗಾಯಕರು ಹಾಡು ಮುಗಿಸಿ, ಶಾಲು ಹೊದ್ದುಕೊಂಡು ಎದ್ದು ಹೋದ ಮೇಲೂ ನಾನು ಮೀಟುತ್ತಲೇ ಇದ್ದೆನಂತೆ. ತಬಲಾದವರು ಬಂದು ಕೈ ಹಿಡಿದು ನಿಲ್ಲಿಸಿದರು. ಅವತ್ತಿನಿಂದ ನನಗೆ ಒಂದು ಆಸೆ ಹತ್ತಿತು. ಹಾಡಿನ ಹಿಂದೆ ಕೂತಿರುವ ಈ ಸದ್ದನ್ನು ಮುಂದಕ್ಕೆ ತರಬೇಕು. ಅದೊಂದನ್ನೇ, ತಾಸುಗಟ್ಟಲೆ, ಜನರ ಎದುರು ಬಾರಿಸಬೇಕು. ನಡುವೆ ಯಾರೂ ನಿಲ್ಲಿಸಬಾರದು.

ಅದಕ್ಕೆ ತಕ್ಕ ವಾದ್ಯ ಸೊಲ್ಲಾಪುರದಲ್ಲಿ ಸಿಕ್ಕಿತು. ಅಲ್ಲಿಯ ಒಂದು ಆರ್ಕೆಸ್ಟ್ರಾ ಒಡೆದುಹೋಗಿ ಸಾಮಾನು ಮಾರುತ್ತಿದ್ದರು. ಎಲ್ಲರೂ ಹೊಳೆಯುವ ಕೀಬೋರ್ಡುಗಳ ಸುತ್ತ ನೆರೆದಿದ್ದಾಗ, ಮೂಲೆಯಲ್ಲಿ ಒಂದು ಭಾರವಾದ ಕರಿ ಪೆಟ್ಟಿಗೆ ಯಾರಿಗೂ ಬೇಡವಾಗಿ ಬಿದ್ದಿತ್ತು. ಹಳೆಯ ಸಿಂಥಸೈಜರ್. ಗುಂಡಿ ಒತ್ತಿದರೆ ತಾನೇ ಢೋಲಕ್ ಬಾರಿಸುವ ಸೌಕರ್ಯ ಅದರಲ್ಲಿಲ್ಲ, ಕೊಳಲು ಪಿಟೀಲುಗಳ ನಕಲೂ ಇಲ್ಲ. ಕೀಗಳ ಮೇಲ್ಗಡೆ, ಮೇಲೆ ಕೆಳಗೆ ಜಾರಿಸುವ ಪಟ್ಟಿಗಳ ಸಾಲು, ಅಷ್ಟೇ. ಕೆಳಗಿನ ಸಾ ಒತ್ತಿ ಹಿಡಿದು ಒಂದು ಪಟ್ಟಿಯನ್ನು ನಿಧಾನ ಮೇಲಕ್ಕೆ ಜಾರಿಸಿದೆ. ಕೌದಿ ಹೊದ್ದು ಮಲಗಿದ್ದ ಸದ್ದು ಮುಸುಕು ಸರಿಸಿ ಎದ್ದು ಕುಳಿತ ಹಾಗಾಯಿತು. ಬಸ್ಸಿನ ಮೇಲೆ ಹಾಕಿದರೆ ಒಡೆದೀತೆಂದು ಸೊಲ್ಲಾಪುರದಿಂದ ಹುಮನಾಬಾದಿನವರೆಗೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಇಳಿಯುವಾಗ ಕಾಲು ಜೋಮು ಹಿಡಿದು ನಿಲ್ಲಲಾಗಲಿಲ್ಲ, ಆದರೂ ನಗುತ್ತಿದ್ದೆ. ನಮ್ಮ ಆರ್ಕೆಸ್ಟ್ರಾದ ಮಾಲೀಕ, ಹಾಡುವವನೂ ಅವನೇ, ಅದನ್ನು ಸುತ್ತು ಹಾಕಿ ನೋಡಿ ಇದು ವಾದ್ಯವೋ ಕರೆಂಟಿನ ಬೋರ್ಡೋ ಎಂದು ಕೇಳಿದ.

ನನಗೆ ಆಗಷ್ಟೇ ಮದುವೆಯಾಗಿತ್ತು. ಹೆಂಡತಿ ಬಸವಕಲ್ಯಾಣದ ಆಚೆ, ಗೋರ್ಟಾ ದಾರಿಯ ಒಂದು ಹಳ್ಳಿಯವಳು. ಕಾರ್ಯಕ್ರಮ ಇಲ್ಲದ ದಿನ ನಾನು ಪಡಸಾಲೆಯಲ್ಲಿ ಸಿಂಥಸೈಜರ್ ಹಚ್ಚಿ ಕೂರುತ್ತಿದ್ದೆ, ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಒಂದು ಸ್ವರ ಹಿಡಿದರೆ ಅವಳ ರೊಟ್ಟಿಯ ಬುಟ್ಟಿ ತುಂಬುವವರೆಗೆ ಬಿಡುತ್ತಿರಲಿಲ್ಲ. ಕೆಳಗಿನ ಸಾ, ಅದರ ಮೇಲೊಂದು ಪಾ, ತುಂಬ ಹೊತ್ತಿನ ಮೇಲೆ ಒಂದು ನಿ. ಪಟ್ಟಿಯನ್ನು ಕಣ್ಣಿಗೆ ಕಾಣದಷ್ಟು ನಿಧಾನ ಜಾರಿಸುತ್ತ ಹೋದರೆ ಸದ್ದು ಬದಲಾಗುತ್ತಿತ್ತು. ಯಾವ ಗಳಿಗೆಯಲ್ಲಿ ಬದಲಾಯಿತು ಎಂದು ಬಾರಿಸುವ ನನಗೂ ಹೇಳಲು ಬರುತ್ತಿರಲಿಲ್ಲ. ಖುಷಿಗೆ ಎದ್ದು ಕುಣಿಯಬೇಕೆನ್ನಿಸುತ್ತಿತ್ತು. ಎದ್ದರೆ ಪಟ್ಟಿಯಿಂದ ಕೈ ತೆಗೆಯಬೇಕಾಗುತ್ತದೆಂದು ಕೂತಲ್ಲೇ ಕಾಲು ಕುಣಿಸುತ್ತಿದ್ದೆ. ಪಕ್ಕದ ಮನೆಯವರು ಬಂದು, ನಿಮ್ಮ ನೀರಿನ ಮೋಟಾರು ಚಾಲೂ ಉಳಿದಿದೆ ನೋಡಿ ಎಂದು ಹೇಳಿ ಹೋದರು. ಒಂದು ದಿನ ಹೆಂಡತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

"ಇದರಾಗ ಹಾಡು ಯಾವಾಗ ಶುರು ಆಗ್ತದ್ರಿ?"

ಇದೇ ಹಾಡು ಎಂದೆ. ಅವಳು ಸ್ವಲ್ಪ ಹೊತ್ತು ನಿಂತು ಕೇಳಿ, ಹೆಂಚಿನ ಮೇಲಿನ ರೊಟ್ಟಿ ಹೊತ್ತೀತೆಂದು ಒಳಗೆ ಹೋದಳು. ನನಗೆ ಸಿಟ್ಟು ಬಂತು. ಮನೆಯವಳಿಗೇ ತಿಳಿಯದಿದ್ದರೆ ಊರಿಗೆ ಹೇಗೆ ತಿಳಿಸುವುದು ಎಂದು ಇನ್ನಷ್ಟು ಜೋರಾಗಿ ಹಚ್ಚಿದೆ.

ಊರಿಗೆ ತಿಳಿಸುವ ಅವಕಾಶ ಬಸವಕಲ್ಯಾಣದ ಒಂದು ಮದುವೆಯಲ್ಲಿ ಬಂತು. ಊಟದ ಹೊತ್ತಿಗೆ ಗದ್ದಲದ ಹಾಡು ಬೇಡ, ಏನಾದರೂ ಮೆತ್ತಗೆ ಬಾರಿಸಿ ಎಂದು ಹೆಣ್ಣಿನ ತಂದೆ ಹೇಳಿಕಳುಹಿಸಿದರು. ನನಗೆ ಅಷ್ಟೇ ಬೇಕಿತ್ತು. ಮಾಲೀಕ ಊಟಕ್ಕೆ ಕೂತದ್ದನ್ನು ನೋಡಿಕೊಂಡು ಸಿಂಥಸೈಜರಿನ ವೈರು ಸಿಗಿಸಿ ಸಾ ಹಿಡಿದೆ. ಮೊದಲ ಪಂಕ್ತಿಗೆ ಹುಗ್ಗಿ ಬಡಿಸುತ್ತಿದ್ದರು. ಸದ್ದು ಮೆಲ್ಲಗೆ ಮಂಟಪ ತುಂಬಿತು. ಇನ್ನೇನು ಪಾ ಸೇರಿಸಬೇಕು, ಅಷ್ಟರಲ್ಲಿ ಜನ ತಲೆಯೆತ್ತಿ ಮೈಕಿನ ಕಡೆ ನೋಡತೊಡಗಿದರು. ಯಾರೋ ಮೈಕ್ ಕೆಟ್ಟಿದೆ ಎಂದರು. ಇನ್ನಾರೋ, ಎಲ್ಲೋ ಕರೆಂಟ್ ಲೀಕಾಗುತ್ತಿದೆ, ಮಕ್ಕಳನ್ನು ವೈರಿನಿಂದ ದೂರ ಕರೆಯಿರಿ ಎಂದರು. ಆ ಮಾತಿಗೆ ಪಂಕ್ತಿಗೆ ಪಂಕ್ತಿಯೇ ಎದ್ದಿತು. ಮೈಕಿನವನು ಎಂಜಲು ಕೈಯಲ್ಲೇ ಓಡಿಬಂದು ಮೇನ್ ಸ್ವಿಚ್ ಇಳಿಸಿದ. ನಾನು ಅವನ ಮೇಲೆ ಕೈಯೆತ್ತಿಕೊಂಡು ಹೋದೆನೆಂದು ಆಮೇಲೆ ಮಾಲೀಕ ಹೇಳಿದ. ನನ್ನ ಕಣ್ಣಿಗೆ ಕಟ್ಟಿರುವುದು ಹೆಣ್ಣಿನ ತಂದೆಯ ಮುಖ. ಅವರು ಬೈಯಲಿಲ್ಲ. ಯಾವುದಾದರೂ ಹಾಡು ಬಾರಿಸಪ್ಪ ಎಂದು ಕೈಮುಗಿದರು.

ಬಾರಿಸಿದೆ. ಅವತ್ತು ಮಾತ್ರವಲ್ಲ, ಮುಂದೆ ಹತ್ತು ವರ್ಷ ಹಾಡನ್ನೇ ಬಾರಿಸಿದೆ. ಸಿಂಥಸೈಜರನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಅದರ ಸುದ್ದಿ ಯಾರಾದರೂ ತೆಗೆದರೆ ಮಾತು ತಿರುಗಿಸುತ್ತಿದ್ದೆ. ಒಳಗೊಳಗೆ ಉರಿಯುತ್ತಿದ್ದೆ ಎಂಬುದು ಬೇರೆ ಮಾತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮದುವೆಗಳಿಗೆ ಡೀಜೆ ಬಂತು. ಐದಾರು ಜನರಿಗೆ ಊಟ ಹಾಕಿ ಆರ್ಕೆಸ್ಟ್ರಾ ಕರೆಸುವವರು ಕಡಿಮೆಯಾದರು. ಮಾಲೀಕ ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ಅಂಗಡಿ ಹಾಕಿದ. ನಾನು ಮನೆಯಲ್ಲಿ ಹಾರ್ಮೋನಿಯಂ ಪಾಠ ಶುರು ಮಾಡಿದೆ. ಕಲಬುರಗಿಯಲ್ಲಿ ಹಳೆಯ ವಾದ್ಯಗಳನ್ನು ಕೂಡಿಡುವ ಒಬ್ಬರು ನನ್ನ ಸಿಂಥಸೈಜರಿನ ಸುದ್ದಿ ಕೇಳಿ, ಕೊಡುತ್ತೀರಾ ಎಂದು ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದರು. ಕೊಟ್ಟುಬಿಡೋಣ ಎಂದೇ ಒಂದು ಮಧ್ಯಾಹ್ನ ಅದನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿದೆ. ಕೊಡುವ ಮೊದಲು ನಡೆಯುತ್ತದೋ ಇಲ್ಲವೋ ನೋಡಬೇಕಲ್ಲ, ಹಚ್ಚಿದೆ. ಕೆಳಗಿನ ಸಾ ಒತ್ತಿದೆ.

ಬಂತು. ಒಂದು ಗೊರಗೊರ ಕೂಡ ಇಲ್ಲದೆ, ನಿನ್ನೆಯಷ್ಟೇ ಬಾರಿಸಿ ಬಿಟ್ಟಂತೆ ಬಂತು. ಪಡಸಾಲೆಯಲ್ಲಿ ಒಬ್ಬನೇ ಕೂತು ಗಟ್ಟಿಯಾಗಿ ನಕ್ಕೆ. ಮೊದಲೆಲ್ಲ ಸಾ ಹಿಡಿದ ಸ್ವಲ್ಪ ಹೊತ್ತಿಗೇ ಪಾ ಸೇರಿಸುವ ಅವಸರ ನನಗೆ. ಕೇಳುವವರಿಗೆ ಬೇಸರವಾದೀತೆಂಬ ಅಂಜಿಕೆ. ಈಗ ಆ ಅವಸರ ಕಡಿಮೆಯಾಗಿತ್ತು. ಸಾ ಒಂದೇ ಬಹಳ ಹೊತ್ತಿಗೆ ಸಾಕಾಗುತ್ತಿತ್ತು. ಪಾಠಕ್ಕೆ ಬಂದ ಮಕ್ಕಳನ್ನು ಇವತ್ತು ಸೂಟಿ ಎಂದು ಬಾಗಿಲಿನಿಂದಲೇ ವಾಪಸು ಕಳಿಸಿದೆ, ಅವರಿಗೆ ನನಗಿಂತ ಹೆಚ್ಚು ಖುಷಿಯಾಯಿತು. ಕಲಬುರಗಿಯ ಫೋನ್ ಬಂದಾಗ ಇನ್ನೂ ಸ್ವಲ್ಪ ದಿನ ತಡೆಯಿರಿ ಎಂದೆ. ದಿನವೂ ಬಾರಿಸತೊಡಗಿದೆ. ಬಾರಿಸಿದಷ್ಟೂ ಹಳೆಯ ಆಸೆ ಮತ್ತೆ ತ್ರಾಸ ಕೊಡತೊಡಗಿತು. ಒಂದು ಸಲ, ಜನರ ನಡುವೆ, ಮೊದಲಿನಿಂದ ಕೊನೆಯವರೆಗೆ.

ಅಷ್ಟರಲ್ಲಿ ಹೆಂಡತಿಯ ತವರಿನಿಂದ ಅವಳ ಕಾಕಾನ ಫೋನ್ ಬಂತು. ಕಾಕಾ ಎಂದರೆ ಅವಳ ತಂದೆಯ ತಮ್ಮ, ಊರಿನ ಭಜನಾ ಮಂಡಳಿಯ ಹಿರಿಯರು. ಶ್ರಾವಣ ಮಾಸ, ಊರಲ್ಲಿ ಶಿವನಾಮದ ಸಪ್ತಾಹ ನಡೆದಿತ್ತು. ಸಪ್ತಾಹವೆಂದರೆ ಏಳು ದಿನ ಹಗಲೂ ರಾತ್ರಿ ನಾಮ ನಿಲ್ಲುವಂತಿಲ್ಲ. ಮೂರು ಮೂರು ತಾಸಿಗೆ ಒಂದು ಪಹರೆ. ಒಂದು ಪಹರೆಯವರು ಏಳುವ ಮೊದಲು ಮುಂದಿನ ಪಹರೆಯವರು ಬಂದು ದನಿಗೂಡಿಸಬೇಕು. ದೇವರ ಮುಂದೆ ಒಬ್ಬರು ಏಕತಾರಿ ಮೀಟುತ್ತ ನಿಂತಿರುತ್ತಾರೆ. ಅದನ್ನು ನೆಲಕ್ಕಿಡುವ ಹಾಗಿಲ್ಲ. ಬಿಡಿಸಿಕೊಳ್ಳಲು ಬಂದವರು ಮೊದಲು ಏಕತಾರಿಗೆ ಹಣೆ ಹಚ್ಚಿ ನಮಸ್ಕರಿಸಿ, ಕೈ ಹಾಕಿ ಹಿಡಿದ ಮೇಲೆಯೇ ಮೊದಲಿನವರು ಕೈ ತೆಗೆಯುವುದು. ಮಧ್ಯಾಹ್ನದ ಪಹರೆ ಯಾರಿಗೂ ಬೇಡ. ಗಟ್ಟಿ ದನಿಯವರೆಲ್ಲ ಹೊಲದಲ್ಲಿ, ಉಳಿದವರಿಗೆ ಊಟದ ಜೊಂಪು. ಆ ಪಹರೆಯ ಹಾರ್ಮೋನಿಯಂನವರಿಗೆ ಜ್ವರ ಬಂದಿತ್ತು. ಅಳಿಯ ಬಂದು ಒಂದು ಮಧ್ಯಾಹ್ನ ಕೂರಬೇಕೆಂದು ಕಾಕಾ ಕೇಳಿದರು.

ಬರುತ್ತೇನೆ, ಆದರೆ ಹಾರ್ಮೋನಿಯಂ ಅಲ್ಲ, ನನ್ನ ಪೆಟ್ಟಿಗೆ ತರುತ್ತೇನೆ ಎಂದೆ. ಅದರ ಸದ್ದು ಎಲ್ಲಿಯೂ ಮುರಿಯುವುದಿಲ್ಲ, ನಾಮಕ್ಕೆ ಜಮಖಾನ ಹಾಸಿದಂತೆ ಕೆಳಗೆ ಇರುತ್ತದೆ ಎಂದು ವಿವರಿಸಿದೆ. ಮುರಿಯದಿದ್ದರೆ ಅಡ್ಡಿಯಿಲ್ಲ ಎಂದರು ಕಾಕಾ. ಅಡ್ಡಿ ಬಂದದ್ದು ಮನೆಯಲ್ಲಿ. ಸುಮ್ಮನೆ ಹಾರ್ಮೋನಿಯಂ ಬಾರಿಸಿ ಬನ್ನಿ ಎಂದಳು ಹೆಂಡತಿ. ನಾನು ಹಟ ಹಿಡಿದೆ.

"ಅದು ನನ್ನ ತವರಮನಿ ಊರದರಿ. ಅಲ್ಲಿ ಯಾರರ ಎದ್ದು ಬಂದ್ ಮಾಡ್ರಿ ಅಂದ್ರ ನಾ ಹ್ಯಾಂಗ ಮಾರಿ ತೋರಸ್ಲಿ?"

ಅವಳ ಅಂಜಿಕೆಯಲ್ಲಿ ತಪ್ಪಿರಲಿಲ್ಲ. ಬಸವಕಲ್ಯಾಣದ ಮದುವೆಯ ಕಥೆ ಅವಳ ಊರಿಗೆ ಹೋಗುವಷ್ಟರಲ್ಲಿ, ಅಳಿಯ ಮಂಟಪಕ್ಕೇ ಕರೆಂಟ್ ಹಚ್ಚಿದ ಎಂದು ಬೆಳೆದಿತ್ತು. ಆಗ ನಾನು ಒಂದು ಮಾತು ಕೊಟ್ಟೆ. ಒಂದು ಪಹರೆ, ಅಷ್ಟೇ. ನಡುವೆ ಯಾರಾದರೂ ನಿಲ್ಲಿಸಿದರೆ ಪೆಟ್ಟಿಗೆ ಅಲ್ಲಿಂದ ಸೀದಾ ಕಲಬುರಗಿಗೆ; ಈ ಸದ್ದಿನ ಮಾತನ್ನು ಈ ಜನ್ಮದಲ್ಲಿ ಮತ್ತೆ ಎತ್ತುವುದಿಲ್ಲ. ಅವಳು ಸರಿ ಎಂದಳು. ಅವಳು ಅಷ್ಟು ಬೇಗ ಒಪ್ಪಿದ್ದಕ್ಕೆ ನನಗೇ ಅಂಜಿಕೆಯಾಯಿತು.

ಮರುದಿನ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಸ್ಸು, ಅಲ್ಲಿಂದ ಟಂಟಂ ಆಟೋ. ದಾರಿಯ ಎರಡೂ ಕಡೆ ತೊಗರಿ, ಉದ್ದು, ಹೆಸರು, ಹೊಲದ ತುಂಬ ಕಳೆ ತೆಗೆಯುವ ಹೆಂಗಸರು. ಹೆಂಡತಿಯ ಪಾಲಿನ ಮಾತನ್ನೂ ನಾನೇ ಆಡಿದೆ. ಟಂಟಂನವನಿಗೂ ಸಿಂಥಸೈಜರಿನ ಚರಿತ್ರೆ ಹೇಳಿ ಮುಗಿಸಿದೆ. ಗುಡಿಯ ಮುಂದಿನ ಬೇವಿನ ಮರಕ್ಕೆ ಕಟ್ಟಿದ್ದ ಭೋಂಗಾದಿಂದ ನಾಮ ದೂರದಿಂದಲೇ ಕೇಳಿಸುತ್ತಿತ್ತು. ಹೋದ ಕೂಡಲೇ ಮಾಡಿದ ಮೊದಲ ಕೆಲಸವೆಂದರೆ ಮೈಕಿನವನನ್ನು ಹಿಡಿದದ್ದು. ಇನ್ನು ಸ್ವಲ್ಪ ಹೊತ್ತಿಗೆ ಒಂದು ಸದ್ದು ಬರುತ್ತದೆ, ಅದು ಕೆಟ್ಟದ್ದಲ್ಲ, ಅದೇ ವಾದ್ಯ, ಸ್ವಿಚ್ಚಿಗೆ ಕೈ ಹಾಕಬೇಡ ಎಂದು ಹೇಳಿದೆ. ಅವನು ಹೌದ್ರಿ ಹೌದ್ರಿ ಎಂದ, ಆದರೆ ಸ್ವಿಚ್ಚಿನ ಪಕ್ಕದಿಂದ ಕದಲಲಿಲ್ಲ.

ಪಹರೆ ಬದಲಾಯಿತು. ಆರೇಳು ಜನ ಮುದುಕರು, ಐದಾರು ಜನ ಹೆಂಗಸರು ಕುಳಿತು ಮೆಲ್ಲನೆಯ ದನಿಯಲ್ಲಿ ಓಂ ನಮಃ ಶಿವಾಯ ಹೇಳುತ್ತಿದ್ದರು. ಅವರ ಸಾ ನನ್ನ ಎರಡು ಕೀಗಳ ನಡುವೆ ಎಲ್ಲೋ ಇತ್ತು. ಸ್ವರವನ್ನೇ ಏರಿಳಿಸುವ ಪಟ್ಟಿ ಜಾರಿಸಿ ಅವರು ಇದ್ದಲ್ಲಿಗೆ ನನ್ನದನ್ನು ತಂದೆ. ನಾಮದ ಕೆಳಗೆ ಸದ್ದು ಹೋಗಿ ಕೂತಿತು. ಯಾರೂ ತಲೆಯೆತ್ತಿ ನೋಡಲಿಲ್ಲ. ಆ ಮೇಲೆ ಎಂದಿನಂತೆ ಒಂದು ಬೆಂಕಿಕಡ್ಡಿ ಮುರಿದು ಸಾ ಕೀಯ ಸಂದಿಗೆ ತುರುಕಿದೆ. ಹಾಗೆ ಮಾಡಿದರೆ ಒತ್ತಿದ ಕೀ ಮೇಲೆ ಬರುವುದಿಲ್ಲ, ಎರಡೂ ಕೈ ಬಿಡುವಾಗುತ್ತವೆ. ಕೀಬೋರ್ಡಿನವರೆಲ್ಲ ಬಲ್ಲ ಉಪಾಯ. ಒಂದು ಕೈ ಪಟ್ಟಿಯ ಮೇಲೆ, ಇನ್ನೊಂದು ಮೇಲಿನ ಸ್ವರಗಳ ಮೇಲೆ ಇಟ್ಟು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಕಾಕಾ ಎದುರಿಗೆ ಬಗ್ಗಿ, ಕನ್ನಡಕ ಸರಿಮಾಡಿಕೊಂಡು ಕಡ್ಡಿಯನ್ನೇ ನೋಡುತ್ತಿದ್ದರು.

"ಅಳಿಯಂದ್ರ, ಇಲ್ಲಿ ಸೇವಾ ಮಾಡಾಕತ್ತಿದ್ದು ಯಾರು? ನೀವೋ, ಈ ಕಡ್ಡಿಯೋ?"

ಮುಗಿಯಿತು ಅಂದುಕೊಂಡೆ. ಪೆಟ್ಟಿಗೆ ಕಲಬುರಗಿಯ ಬಸ್ಸು ಹತ್ತಿದ ಚಿತ್ರ ಕಣ್ಣ ಮುಂದೆ ಬಂತು. ಪಿಸುದನಿಯಲ್ಲೇ ವಾದಿಸಿದೆ. ನನಗಿರುವುದು ಎರಡೇ ಕೈ, ಎರಡಕ್ಕೂ ಕೆಲಸವಿದೆ, ಸಾ ಹಿಡಿಯುವವರು ಯಾರು ಎಂದೆ. ಊರಲ್ಲಿ ಕೈಗಳಿಗೇನು ಕೊರತೆಯೇ ಎಂದರು ಕಾಕಾ. ಪಕ್ಕದಲ್ಲಿ ಕೂತು, ತಮ್ಮ ದಪ್ಪ ಬೆರಳನ್ನು ಸಾ ಮೇಲೆ ಒತ್ತಿ, ಕಡ್ಡಿಯನ್ನು ಎಳೆದು ಕಿವಿಯ ಸಂದಿಗೆ ಸಿಕ್ಕಿಸಿಕೊಂಡರು. ಸದ್ದು ಒಂದಿಷ್ಟೂ ಅಲುಗಲಿಲ್ಲ. ನಾಮ ಹೇಳುತ್ತಲೇ, ಒಕ್ಕಲುತನದ ಆ ಬೆರಳನ್ನು ಅವರು ಅಲ್ಲೇ ಇಟ್ಟುಕೊಂಡು ಕೂತರು.

ಬಹಳ ಹೊತ್ತು ಚೆನ್ನಾಗಿ ನಡೆಯಿತು. ಆ ಮೇಲೆ ಹೊಲದಿಂದ ಬಂದು ಕೈಕಾಲು ತೊಳೆದ ಒಬ್ಬ ಅಜ್ಜಿ ಕಾಕಾನನ್ನು ಬಿಡಿಸಿಕೊಳ್ಳಲು ಹತ್ತಿರ ಬಂದಳು. ಇದನ್ನು ಹೇಗೆ ಹಿಡಿಯಬೇಕು ಎಂದು ಸನ್ನೆಯಲ್ಲಿ ಕೇಳಿದಳು. ಏಕತಾರಿ ಹಿಡಿದ ಹಾಗೆಯೇ ಎಂದು ಕಾಕಾ ಅಂದರು. ಅಜ್ಜಿ ಸೆರಗು ಹೊದ್ದು, ಕೈಮುಗಿದು, ಬಗ್ಗಿ ತನ್ನ ಹಣೆಯನ್ನು ಸಿಂಥಸೈಜರಿನ ಕೀಗಳ ಮೇಲೆ ಇಟ್ಟಳು.

ಏಳೆಂಟು ಸ್ವರ ಒಟ್ಟಿಗೆ ಹೊಡೆದವು. ಪಕ್ಕಪಕ್ಕದ ಸ್ವರಗಳು, ಯಾವ ಗುರುವೂ ಒಂದೇ ಸಾಲಿನಲ್ಲಿ ಕೂರಲು ಬಿಡದ ಸ್ವರಗಳು. ಭೋಂಗಾ ಚೀರಿತು, ಬೇವಿನ ಮರದ ಹಕ್ಕಿಗಳು ಎದ್ದವು, ಮೈಕಿನವನು ಸ್ವಿಚ್ಚಿಗೆ ಕೈ ಹಾಕಿದ. ಹೆಂಗಸರ ಸಾಲಿನಲ್ಲಿದ್ದ ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಒಂದು ಕೈಯನ್ನು ಮೈಕಿನವನತ್ತ ಚಾಚಿ ಬೇಡ ಬೇಡ ಎಂದು ಆಡಿಸುತ್ತ, ಇನ್ನೊಂದರಿಂದ ಪಟ್ಟಿಯನ್ನು ಸರ್ರನೆ ಕೆಳಕ್ಕೆಳೆದೆ. ಚೀರಾಟ ಅಡಗಿ, ಒಳಗೇ ಗುಡುಗುವ ಒಂದು ದಪ್ಪ ಸದ್ದು ಉಳಿಯಿತು. ಅಜ್ಜಿ ಹಣೆ ಎತ್ತಲಿಲ್ಲ. ಮನೆಯವರೆಲ್ಲರ ಹೆಸರು ಹೇಳಿ ಬೇಡಿಕೊಳ್ಳುತ್ತಿದ್ದಳೋ ಏನೋ. ಸರಿ ಎಂದು ಪಟ್ಟಿಯನ್ನು ಮತ್ತೆ ಮೇಲಕ್ಕೆ ಜಾರಿಸತೊಡಗಿದೆ, ಕೂದಲೆಳೆಯಷ್ಟು ಕೂದಲೆಳೆಯಷ್ಟು. ಆ ಹೊಂದದ ಸ್ವರಗಳು ಒಂದಕ್ಕೊಂದು ತಿಕ್ಕಿ ಅಲೆಯಾಗಿ ಏಳತೊಡಗಿದವು. ಜೊಂಪಿನಲ್ಲಿದ್ದ ಮುದುಕರು ನೆಟ್ಟಗೆ ಕೂತರು. ನಾಮ ಗಟ್ಟಿಯಾಯಿತು. ಅಜ್ಜಿ ನಿಧಾನ ತಲೆಯೆತ್ತಿದಂತೆ ಸ್ವರಗಳು ಒಂದೊಂದಾಗಿ ಉದುರಿ, ಕೊನೆಗೆ ಸಾ ಒಂದೇ ಉಳಿಯಿತು. ಅದರ ಮೇಲೆ ಕಾಕಾನ ಬೆರಳಿನ ಪಕ್ಕದಲ್ಲಿ ಅವಳ ಬೆರಳಿತ್ತು. ಕಾಕಾ ತಮ್ಮದನ್ನು ತೆಗೆದರು. ಕರಿ ಕೀಗಳಿಗೆಲ್ಲ ವಿಭೂತಿ ಹತ್ತಿತ್ತು.

ಯಾರೂ ನಿಲ್ಲಿಸಲಿಲ್ಲ. ಇದು ಹೀಗೆಯೇ ಇರುವುದು ಎಂಬಂತೆ ಕಾಕಾ ತಲೆಯಾಡಿಸಿದರು. ಅಜ್ಜಿಗೆ ತಾನು ಏನು ಮಾಡಿದೆನೆಂದು ಗೊತ್ತೇ ಇರಲಿಲ್ಲ. ಮುಂದಿನವರಿಗೆ ಹಣೆ ಹಚ್ಚಬೇಡಿ ಎಂದು ಹೇಳಲು ಬಾಯಿ ತೆರೆದೆ, ಹಾಗೆಯೇ ಮುಚ್ಚಿದೆ. ನನಗೆ ಅದು ಇನ್ನೊಮ್ಮೆ ಬೇಕಿತ್ತು. ಇಷ್ಟು ವರ್ಷ ಸಾ, ಪಾ, ನಿ ಎಂದು ಲೆಕ್ಕ ಹಾಕಿ ಮೂರು ಸ್ವರ ಸೇರಿಸುತ್ತಿದ್ದವನಿಗೆ ಒಬ್ಬ ಅಜ್ಜಿಯ ಹಣೆ ಹೊಸ ಬಾಗಿಲು ತೆಗೆದಿತ್ತು.

ಸುದ್ದಿ ಹೇಗೆ ಹರಡಿತೋ, ಜನ ಬರತೊಡಗಿದರು. ಏಕತಾರಿ ಹಿಡಿಯುವ ಮನೆತನಗಳು ಆ ಊರಲ್ಲಿ ಮೊದಲಿನಿಂದ ಇಂತಿಂಥವೇ ಎಂದು ನಿಗದಿಯಾಗಿದ್ದವು. ಈ ಪೆಟ್ಟಿಗೆಗೆ ಇನ್ನೂ ಯಾವ ನಿಯಮವೂ ಹುಟ್ಟಿರಲಿಲ್ಲ. ಕಳೆ ತೆಗೆಯುವ ಕೂಲಿ ಹೆಂಗಸರು, ಯಾವಾಗಲೂ ಕಟ್ಟೆಯ ಕೆಳಗೆ ನಿಂತು ಕೈಮುಗಿದು ಹೋಗುವವರು, ಅವತ್ತು ಕೈ ತೊಳೆದುಕೊಂಡು ಸಾಲಿನಲ್ಲಿ ಬಂದರು. ಕಾಕಾ ಒಂದು ಗಳಿಗೆ ನೋಡಿದರು, ಆಮೇಲೆ ತಾವೇ ಸರಿದು ಜಾಗ ಮಾಡಿದರು. ಒಬ್ಬೊಬ್ಬರದೂ ಒಂದೊಂದು ಹಣೆ. ಎಡಮಗ್ಗುಲಿನಿಂದ ಬಗ್ಗುವ ಎತ್ತರದವರ ಹಣೆ ಬಲಗಡೆಯ ಸಣ್ಣ ಸ್ವರಗಳ ಮೇಲೆ, ಗಿಡ್ಡಗಿದ್ದವರದು ಎಡಗಡೆ ಬೀಳುತ್ತಿತ್ತು. ರುಮಾಲು ಸುತ್ತಿದ ಒಬ್ಬ ಗೌಡರು ಒಂದೇ ನಮಸ್ಕಾರಕ್ಕೆ ಇಡೀ ಸಪ್ತಕ ನುಂಗಿದರು. ನಾನು ಸಾಲಿನ ಕಡೆ ಕಣ್ಣಿಟ್ಟು, ಮುಂದೆ ಯಾರ ತಲೆ ಬರುತ್ತದೆ ಎಂದು ನೋಡಿಕೊಂಡು ಪಟ್ಟಿಗಳನ್ನು ಅದಕ್ಕೆ ತಕ್ಕಂತೆ ಮೊದಲೇ ಇಳಿಸಿ ಕಾಯುತ್ತಿದ್ದೆ. ನನ್ನ ಜೀವಮಾನದಲ್ಲಿ ಇಷ್ಟು ಒಳ್ಳೆಯ ಜೊತೆಗಾರರು ಸಿಕ್ಕಿರಲಿಲ್ಲ. ಒಬ್ಬರಿಗೂ ಬೈಯಬೇಕೆನ್ನಿಸಲಿಲ್ಲ, ಅದು ನನಗೇ ಆಶ್ಚರ್ಯ.

ಮುಕ್ಕಾಲು ಪಹರೆ ಕಳೆದಿತ್ತು. ಬೆನ್ನು ಹಿಡಿದಿತ್ತು, ಗಂಟಲು ಒಣಗಿತ್ತು, ಏಳುವ ಮಾತೇ ಇರಲಿಲ್ಲ. ಆಗ ಹೆಂಗಸರ ಸಾಲಿನಿಂದ ಹೆಂಡತಿ ಎದ್ದು ಬರುವುದು ಕಾಣಿಸಿತು. ಇವಳೂ ಸಾ ಹಿಡಿಯಲು ಬಂದಳು ಎಂದುಕೊಂಡೆ. ಅವಳು ಕೀಯ ಕಡೆ ಹೋಗಲಿಲ್ಲ, ನನ್ನ ಮಗ್ಗುಲಿಗೆ ಬಂದು ಕೂತಳು. ಎದ್ದು ಹೋಗಿ ಚಹಾ ಕುಡಿದು ಬನ್ನಿ, ಪಟ್ಟಿ ನಾನು ನೋಡಿಕೊಳ್ಳುತ್ತೇನೆ ಎಂದಳು. ನಿನಗೆ ಹೇಗೆ ಬರುತ್ತದೆ ಎಂದು ಕೇಳಿದೆ.

"ಇಷ್ಟು ವರ್ಷ ಗ್ವಾಡಿ ಆಕಡಿ ಕುಂತು ಕೇಳೀನ್ರಿ. ನೀವು ಎಲ್ಲೆಲ್ಲಿ ಅವಸರ ಮಾಡ್ತೀರಿ ಅಂಬೋದು ನನಗ ಪಾಠ ಆಗ್ಯದ."

ಅವಳು ತನ್ನ ಬೆರಳನ್ನು ಪಟ್ಟಿಯ ಮೇಲೆ ನನ್ನ ಬೆರಳಿನ ಪಕ್ಕಕ್ಕೆ ತಂದಿಟ್ಟಳು. ಗಟ್ಟಿಯಾಗಿ ಹಿಡಿದದ್ದು ತಿಳಿದ ಮೇಲೆ ನಾನು ನನ್ನದನ್ನು ತೆಗೆದೆ.

ಗುಡಿಯ ಹಿಂದೆ ದೊಡ್ಡ ಪಾತೆಲೆಯಲ್ಲಿ ಚಹಾ ಕುದಿಯುತ್ತಿತ್ತು. ಯಾರೋ ಲೋಟ ತುಂಬಿ ಕೊಟ್ಟರು. ಒಂದು ಗುಟುಕು ಕುಡಿದಿರಬೇಕು, ಅಷ್ಟರಲ್ಲಿ ಭೋಂಗಾದ ಸದ್ದು ಕಿವಿಗೆ ಬಿತ್ತು. ಹದಿನೈದು ವರ್ಷದ ಹತ್ತಿರ ನಾನು ಹಂಬಲಿಸಿದ ಆ ಸಂಗೀತವನ್ನು ನಾನು ಒಮ್ಮೆಯೂ ಕೇಳಿರಲಿಲ್ಲ; ಯಾವಾಗಲೂ ಬಾರಿಸುತ್ತಲೇ ಇದ್ದೆ. ಲೋಟ ಕಟ್ಟೆಯ ಮೇಲಿಟ್ಟು ರಸ್ತೆಗೆ ಬಂದೆ. ಅವಳು ಪಟ್ಟಿ ಜಾರಿಸುತ್ತಿದ್ದಳು, ನನಗಿಂತ ನಿಧಾನವಾಗಿ. ಈಗ ಮೇಲಕ್ಕೆ ಒಯ್ಯುತ್ತಾಳೆ ಎಂದು ನಾನು ಅಂದುಕೊಂಡ ಜಾಗದಲ್ಲಿ ಅವಳು ಒಯ್ಯಲಿಲ್ಲ, ಕಾದಳು. ನಾನು ಕಾಯಲಾರದೆ ರಸ್ತೆಯಲ್ಲಿ ನಿಂತು ಕೈ ಹಿಸುಕಿಕೊಂಡೆ. ಆಮೇಲೆ ಸದ್ದನ್ನು ತೆರೆದಳು. ತೊಗರಿ ಹೊಲದ ಮೇಲೆಲ್ಲ ಆ ಸದ್ದು ಹರಡಿದಾಗ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು, ಹೆಮ್ಮೆಯಾಯಿತು, ಕಣ್ಣಲ್ಲಿ ನೀರು ಬಂತು, ಎಲ್ಲ ಒಟ್ಟಿಗೆ. ಅಷ್ಟರಲ್ಲಿ ಯಾರದೋ ಹಣೆ ಬಿತ್ತು. ನಾನು ಒಬ್ಬನೇ ರಸ್ತೆಯ ನಡುವೆ ನಕ್ಕೆ. ಬದುವಿನ ಮೇಲೆ ಬುತ್ತಿ ಬಿಚ್ಚಿ ಕೂತಿದ್ದ ಹೆಂಗಸರು ಊಟದ ನಡುವೆ ಅದನ್ನೇ ಕೇಳುತ್ತಿದ್ದರು.

ಎಲ್ಲಿಯವರೆಗೆ ಕೇಳುತ್ತದೋ ನೋಡೋಣ ಎಂದು ಗೋರ್ಟಾ ಕಡೆ ನಡೆದೆ. ಹಳ್ಳ ದಾಟಿದೆ, ಕೇಳುತ್ತಿತ್ತು. ದಿಬ್ಬ ಹತ್ತಿ ಇಳಿದೆ, ಸಣ್ಣಗಾಗಿತ್ತು, ಆದರೂ ಇತ್ತು. ಅಲ್ಲಿ ನಿಂತಿದ್ದಾಗ ಊರ ಕಡೆಯಿಂದ ತಾಳ ಕೇಳಿಸಿತು, ಹೊಸ ಗಟ್ಟಿ ದನಿಗಳು ಕೇಳಿಸಿದವು. ಮುಂದಿನ ಪಹರೆಯವರು ಬಂದಿದ್ದರು. ನನ್ನ ಪಹರೆ ಮುಗಿದಿತ್ತು, ನಾನು ಅಲ್ಲಿರಲಿಲ್ಲ. ಉಸಿರು ಹಿಡಿದು ಕಿವಿಗೊಟ್ಟೆ. ತಾಳದ ಕೆಳಗೆ ಸಾ ಹಾಗೆಯೇ ಇತ್ತು. ಏಕತಾರಿಯ ಹಾಗೆ ಅವರು ಅದನ್ನೂ ಬಿಡಿಸಿಕೊಂಡಿದ್ದರು. ಈಗ ಅದನ್ನು ನಿಲ್ಲಿಸುವುದು ನನ್ನ ಕೈಯಲ್ಲೂ ಇರಲಿಲ್ಲ.

ತಿರುಗಿ ಹೋಗಬೇಕಿತ್ತು. ಇನ್ನೂ ಕೇಳಿಸುತ್ತಿತ್ತಲ್ಲ, ಮುಂದಕ್ಕೇ ನಡೆದೆ.